ಮೈಗ್ರೇನ್‌ಗೆ ಬಯೋಫೀಡ್‌ಬ್ಯಾಕ್ ತರಬೇತಿ: ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ಎಡಗಣ್ಣು

ಎಲ್ಲರಿಗೂ ನಮಸ್ಕಾರ. ಕಾಲೇಜಿನ ದಿನಗಳಿಂದಲೂ ಮೈಗ್ರೇನ್ ಇದೆ. ಎಡಗಣ್ಣಿನ ಹಿಂದೆ ಶುರುವಾಗಿ ಕತ್ತಿನವರೆಗೆ ಇಳಿಯುತ್ತೆ, ವಾಂತಿ, ಬೆಳಕು ಕಂಡರಾಗಲ್ಲ, ಒಮ್ಮೊಮ್ಮೆ ಎರಡು ದಿನ ಹಿಡಿದು ಮಲಗಿಸುತ್ತೆ. ಇಲ್ಲಿರೋರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ ಬಿಡಿ.

ಮೈಗ್ರೇನ್ ಬರದ ಹಾಗೆ ದಿನಾ ನುಂಗೋ ಮಾತ್ರೆಗಳಲ್ಲಿ, ಆಸ್ತಮಾ ಇರೋದರಿಂದ ಪ್ರೊಪ್ರನೊಲಾಲ್ ಬೇಡ ಅಂದರು. ಟೊಪಿರಮೇಟ್ ಕೊಟ್ಟರು. ತಲೆನೋವು ಸ್ವಲ್ಪ ಇಳೀತು, ಆದರೆ ಮೀಟಿಂಗ್‌ನಲ್ಲಿ ಮಾತಾಡ್ತಾ ಇದ್ದ ಹಾಗೇ ಪದಗಳು ಕೈಕೊಡೋಕೆ ಶುರುವಾಯ್ತು, ಬೆರಳ ತುದಿ ಸದಾ ಜುಮ್ಮೆನ್ನೋದು. ಅದನ್ನೂ ಬಿಡಿಸಿದರು. ಈಗ ನರರೋಗ ತಜ್ಞರು ‘ಬಯೋಫೀಡ್‌ಬ್ಯಾಕ್ ಮಾಡಿ ನೋಡಿ’ ಅಂದಿದ್ದಾರೆ. ಬೆರಳಿಗೆ ಸೆನ್ಸರ್ ಅಂಟಿಸಿ, ಕೈಯನ್ನು ಮನಸ್ಸಿನಿಂದಲೇ ಬೆಚ್ಚಗೆ ಮಾಡಿಕೊಳ್ಳೋದು ಕಲಿಸ್ತಾರಂತೆ. ನೋವಿರೋದು ತಲೇಲಿ, ಬಿಸಿ ಮಾಡೋದು ಕೈನ! ಡಾಕ್ಟರ ಮುಂದೆ ನಗಲಿಲ್ಲ, ಅಷ್ಟೆ.

ಇದು ನಿಜವಾಗಲೂ ಕೆಲಸ ಮಾಡುತ್ತಾ? ಮಾಡಿದರೆ ಎಷ್ಟರ ಮಟ್ಟಿಗೆ? ಯಂತ್ರ ಬೇಕೇ ಬೇಕಾ, ಅಥವಾ ಸುಮ್ಮನೆ ಕಣ್ಣು ಮುಚ್ಚಿ ಉಸಿರಾಡಿಕೊಂಡು ಕೂತರೂ ನಡೆಯುತ್ತಾ? ಮಾಡಿಸಿಕೊಂಡವರು ದಯವಿಟ್ಟು ಬರೆಯಿರಿ.

ತಣ್ಣನೆಬೆರಳು

ನಾನು ಮಾಡಿಸಿಕೊಂಡಿದ್ದೀನಿ. ನನಗೆ ಉಪಯೋಗ ಆಯ್ತು. ಮೈಗ್ರೇನ್ ಹೋಯ್ತು ಅಂತ ಅಲ್ಲ. ಬರೋದು ಅರ್ಧಕ್ಕಿಂತ ಕಡಿಮೆ ಆಗಿದೆ, ಬಂದಾಗ ಮೊದಲಿನಷ್ಟು ಹೆದರಿಕೆ ಇಲ್ಲ.

ಮೊದಲ ದಿನ ಹೇಗಿರುತ್ತೆ ಅಂತ ಹೇಳ್ತೀನಿ, ನಿಮಗೆ ಅಂದಾಜು ಸಿಗಲಿ. ಒರಗು ಕುರ್ಚಿ. ಬೆರಳಿನ ತುದಿಗೆ ಬೇಳೆ ಗಾತ್ರದ ತಾಪಮಾನದ ಸೆನ್ಸರ್. ಹಣೆಗೆ ಮೂರು ಅಂಟುಪಟ್ಟಿ, ಅವು ಸ್ನಾಯು ಎಷ್ಟು ಬಿಗಿದುಕೊಂಡಿದೆ ಅಂತ ಅಳೆಯೋವು. ಸೂಜಿ, ಶಾಕ್ ಏನೂ ಇಲ್ಲ. ದೇಹದಿಂದ ಯಂತ್ರಕ್ಕೆ ಸಂಕೇತ ಹೋಗುತ್ತೆ ಹೊರತು ಯಂತ್ರದಿಂದ ದೇಹಕ್ಕೆ ಏನೂ ಬರಲ್ಲ. ಪರದೆ ಮೇಲೆ ಒಂದು ಗೆರೆ. ಅದು ನಿಮ್ಮ ಕೈ. ಅದನ್ನ ಮೇಲಕ್ಕೆ ತರಬೇಕು.

ಇಲ್ಲೇ ಮಜಾ ಇರೋದು. ನಾನು ಹಲ್ಲು ಕಚ್ಚಿ ‘ಏರು, ಏರು’ ಅಂತ ಕೂತೆ. ಗೆರೆ ಕೆಳಗಿಳೀತು. ಇನ್ನೂ ಜೋರಾಗಿ ಪ್ರಯತ್ನಪಟ್ಟೆ, ಇನ್ನೂ ಇಳೀತು. ಕೊನೆಗೆ ಬೇಜಾರಾಗಿ, ಹಾಳಾಗಿ ಹೋಗಲಿ ಅಂತ ಕಿಟಕಿ ಕಡೆ ನೋಡ್ತಾ ಕೂತಾಗ ಗೆರೆ ತಾನಾಗೇ ಏರೋಕೆ ಶುರುವಾಯ್ತು. ಹೇಳಿಕೊಡೋರು ನಕ್ಕು, ‘ಈಗ ಏನು ಮಾಡಿದಿರಿ, ಅದನ್ನೇ ಬೇಕು ಅಂದಾಗ ಮಾಡೋದು ಕಲಿಯಬೇಕು’ ಅಂದರು. ಪಟ್ಟು ಹಿಡಿದರೆ ಸಿಗಲ್ಲ, ಬಿಟ್ಟುಕೊಟ್ಟರೆ ಸಿಗುತ್ತೆ ಅನ್ನೋದನ್ನ ಯಾರಾದರೂ ಬಾಯಲ್ಲಿ ಹೇಳಿದ್ದರೆ ನಾನು ಕಿವಿಗೇ ಹಾಕಿಕೊಳ್ತಿರಲಿಲ್ಲ. ಗೆರೆ ತೋರಿಸಿಕೊಟ್ಟಿತು.

ಸದ್ದುಬೇಡ

ಇಷ್ಟಕ್ಕೆಲ್ಲ ಯಂತ್ರ ಯಾಕೆ ಸ್ವಾಮಿ? ದಿನಾ ಅರ್ಧ ಗಂಟೆ ಧ್ಯಾನ ಮಾಡಿ, ನಿದ್ದೆ ಹೊತ್ತಿಗೆ ಸರಿಯಾಗಿ ಮಾಡಿ. ಎಲ್ಲದಕ್ಕೂ ಒಂದು ಗ್ರಾಫ್ ಬೇಕು ಈಗಿನವರಿಗೆ.

ಗ್ರಾಫ್‌ನೋಡುವವಳು

ನಾನು ಮನಶ್ಶಾಸ್ತ್ರ ಓದಿ, ತಲೆನೋವಿನವರಿಗೆ ಈ ತರಬೇತಿ ಕೊಡುವ ಕೆಲಸದಲ್ಲಿದ್ದೇನೆ. ಹೀಗಾಗಿ ನನ್ನ ಮಾತಿನಲ್ಲಿ ಸ್ವಂತ ಹಿತ ಇದೆ ಎಂದುಕೊಂಡೇ ಓದಿ.

ಎಡಗಣ್ಣು ಅವರೇ, ಕೈಗೂ ತಲೆಗೂ ಏನು ಸಂಬಂಧ ಅಂತ ನಗು ಬಂದದ್ದು ಸಹಜ. ಈ ವಿಧಾನ ಹುಟ್ಟಿದ್ದೇ ಒಂದು ಆಕಸ್ಮಿಕದಿಂದ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಟೊಪೀಕಾದಲ್ಲಿದ್ದ ಮೆನಿಂಜರ್ ಫೌಂಡೇಶನ್‌ನಲ್ಲಿ ಎಲ್ಮರ್ ಗ್ರೀನ್, ಆಲಿಸ್ ಗ್ರೀನ್ ದಂಪತಿ 1960ರ ದಶಕದ ಕೊನೆಗೆ ವಿಶ್ರಾಂತಿಯ ಪ್ರಯೋಗ ಮಾಡುತ್ತಿದ್ದರು. ಪ್ರಯೋಗಕ್ಕೆ ಬಂದಿದ್ದ ಒಬ್ಬ ಮಹಿಳೆಯ ಕೈಯ ತಾಪಮಾನ ಎರಡೇ ನಿಮಿಷದಲ್ಲಿ 10 ಡಿಗ್ರಿ ಫ್ಯಾರನ್‌ಹೀಟ್ ಏರಿತು, ಅದೇ ಹೊತ್ತಿಗೆ ಅವರ ಮೈಗ್ರೇನ್ ಕರಗಿತು. ಅಲ್ಲಿಯ ವೈದ್ಯ ಜೋಸೆಫ್ ಸಾರ್ಜೆಂಟ್ ಇದನ್ನು ಹಿಡಿದು ರೋಗಿಗಳ ಮೇಲೆ ಪರೀಕ್ಷಿಸಿ 1970ರ ದಶಕದ ಆರಂಭದಲ್ಲಿ ವರದಿ ಮಾಡಿದರು. ಜರ್ಮನಿಯ ಯೋಹಾನೆಸ್ ಶುಲ್ಟ್ಸ್ ಅದಕ್ಕೂ ಎಷ್ಟೋ ಮುಂಚೆ, ‘ನನ್ನ ಕೈ ಭಾರವಾಗಿದೆ, ನನ್ನ ಕೈ ಬೆಚ್ಚಗಿದೆ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವ ಅಭ್ಯಾಸವನ್ನು ರೂಪಿಸಿದ್ದರು. ಅದಕ್ಕೆ ಥರ್ಮಾಮೀಟರ್ ಸೇರಿದ್ದೇ ಇವತ್ತಿನ ಕೈ ಬೆಚ್ಚಗಾಗಿಸುವ ತರಬೇತಿ.

ಒತ್ತಡ ಬಂದಾಗ ಸಿಂಪಥೆಟಿಕ್ ನರವ್ಯೂಹ (ಅಪಾಯಕ್ಕೆ ದೇಹವನ್ನು ಸಜ್ಜುಮಾಡುವ ನರಗಳ ಜಾಲ) ಬೆರಳಿನ ಸಣ್ಣ ರಕ್ತನಾಳಗಳನ್ನು ಕಿರಿದಾಗಿಸುತ್ತದೆ, ಬೆರಳು ತಣ್ಣಗಾಗುತ್ತದೆ. ಅದು ಸಡಿಲಿಸಿದಾಗ ರಕ್ತ ಹರಿದು ಬೆಚ್ಚಗಾಗುತ್ತದೆ. ಅಂದರೆ ನಾವು ಕೈಯನ್ನು ನೋಡುತ್ತಿರುವುದು ನರವ್ಯೂಹ ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯುವುದಕ್ಕೆ. ಸಾಮಾನ್ಯವಾಗಿ 35 ಡಿಗ್ರಿ ಸೆಲ್ಸಿಯಸ್, ಅಂದರೆ 95 ಫ್ಯಾರನ್‌ಹೀಟ್ ಸುತ್ತಮುತ್ತ ಬೇಕೆಂದಾಗ ತಲುಪಿ ಕೆಲವು ನಿಮಿಷ ನಿಲ್ಲುವುದು ಗುರಿ.

ಇದಲ್ಲದೆ ಹಣೆ, ಕತ್ತು, ಭುಜದ ಸ್ನಾಯುಬಿಗಿತ ತೋರಿಸುವ ತರಬೇತಿ ಇದೆ. ಕಿವಿಯ ಮುಂದೆ ಮಿಡಿಯುವ ಧಮನಿಯ ಬಡಿತವನ್ನು ತೋರಿಸಿ ಅದನ್ನು ಕುಗ್ಗಿಸಲು ಕಲಿಸುವುದು ಇನ್ನೊಂದು. ನಿಮಿಷಕ್ಕೆ ಸುಮಾರು ಆರು ಉಸಿರಿನ ಲಯಕ್ಕೆ ಇಳಿದು ಹೃದಯಬಡಿತದ ಏರಿಳಿತ ಹೆಚ್ಚಿಸುವುದು ಈಚಿನದು.

ವಾರಕ್ಕೊಂದೋ ಎರಡೋ ಬಾರಿಯಂತೆ ಎಂಟರಿಂದ ಹನ್ನೆರಡು ಬಾರಿ ಕೂರಿಸುತ್ತೇವೆ. ಜೊತೆಗೆ ಮನೆಯಲ್ಲಿ ದಿನಾ ಹದಿನೈದಿಪ್ಪತ್ತು ನಿಮಿಷ ಅಭ್ಯಾಸ. ಅದನ್ನು ಮಾಡದವರಿಗೆ ನಮ್ಮ ಕುರ್ಚಿಯಿಂದ ಹೆಚ್ಚೇನೂ ಸಿಗುವುದಿಲ್ಲ.

ಪುರಾವೆಪ್ರಿಯ

ಮೇಡಂ, ಕಥೆ ಚೆನ್ನಾಗಿದೆ. ಆದರೆ ಈ ಕಥೆಗೆ ತಳವೇ ಇಲ್ಲ ಅನ್ನೋ ಅಧ್ಯಯನ ನಿಮ್ಮ ಕ್ಷೇತ್ರದವರೇ ಮಾಡಿದ್ದಾರಲ್ಲ, ಅದನ್ನು ಯಾಕೆ ಹೇಳಲಿಲ್ಲ?

1997ರಲ್ಲಿ ಬ್ಲಾಂಚರ್ಡ್ ಮತ್ತು ಸಂಗಡಿಗರು ತಲೆನೋವಿನವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಕೈ ಬೆಚ್ಚಗೆ ಮಾಡಿಕೊಳ್ಳೋದು ಕಲಿಸಿದರು. ಇನ್ನೊಂದಕ್ಕೆ ಕೈ ತಣ್ಣಗೆ ಮಾಡಿಕೊಳ್ಳೋದು! ಮೂರನೆಯದಕ್ಕೆ ತಾಪಮಾನ ಇದ್ದ ಹಾಗೇ ಇರಿಸಿಕೊಳ್ಳೋದು. ನಾಲ್ಕನೆಯವರಿಗೆ ಕೈಗೆ ಸಂಬಂಧವೇ ಇಲ್ಲದ ಮಿದುಳಿನ ಅಲೆಯ ತರಬೇತಿ. ತಲೆನೋವು ಇಳಿದದ್ದರಲ್ಲಿ ಗುಂಪು ಗುಂಪಿಗೆ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಬೆಚ್ಚಗಾದರೂ ಅಷ್ಟೆ, ತಣ್ಣಗಾದರೂ ಅಷ್ಟೆ ಅಂದರೆ ಸಿಂಪಥೆಟಿಕ್ ನರವ್ಯೂಹದ ವಿವರಣೆ ಎಲ್ಲಿ ನಿಂತಿತು?

ಅದಕ್ಕೂ ಮುಂಚೆ, 1984ರಲ್ಲಿ ಹಾಲ್‌ರಾಯ್ಡ್ ಅವರ ತಂಡದ್ದು ಇನ್ನೂ ಸ್ವಾರಸ್ಯದ್ದು. ಅದು ಮೈಗ್ರೇನ್ ಅಲ್ಲ, ಬಿಗಿತದ ತಲೆನೋವು. ಕೆಲವರಿಗೆ ಹಣೆಯ ಸ್ನಾಯು ಸಡಿಲಿಸಲು, ಕೆಲವರಿಗೆ ಬಿಗಿಯಾಗಿಸಲು ಕಲಿಸಿದರು. ಎಲ್ಲರಿಗೂ ನೀವು ಸಡಿಲಿಸುತ್ತಿದ್ದೀರಿ ಅಂತಲೇ ಹೇಳಿದರು. ಕೆಲವರಿಗೆ ‘ನೀವು ಬಹಳ ಚೆನ್ನಾಗಿ ಮಾಡ್ತಿದ್ದೀರಿ’ ಅಂತ ಪರದೆಯಲ್ಲಿ ತೋರಿಸಿದರು, ಕೆಲವರಿಗೆ ‘ಪರವಾಗಿಲ್ಲ’ ಅಂತ. ಸ್ನಾಯು ಯಾವ ಕಡೆ ಹೋಯ್ತು ಅನ್ನೋದು ಲೆಕ್ಕಕ್ಕೇ ಬರಲಿಲ್ಲ. ಚೆನ್ನಾಗಿ ಮಾಡ್ತಿದ್ದೀರಿ ಅನ್ನಿಸಿಕೊಂಡವರಿಗೆ ತಲೆನೋವು 53 ಶೇಕಡಾ ಇಳೀತು, ಉಳಿದವರಿಗೆ 26.

2009ರಲ್ಲಿ ಮುಲ್ಲಾಲಿ ತಂಡ ವಿಶ್ರಾಂತಿ ತರಬೇತಿಯನ್ನು ಒಂದು ಗುಂಪಿಗೆ ಬರೀ ಹಾಗೇ, ಇನ್ನೊಂದಕ್ಕೆ ಬಯೋಫೀಡ್‌ಬ್ಯಾಕ್ ಸೇರಿಸಿ ಕೊಟ್ಟು ನೋಡಿತು. ಯಂತ್ರ ಸೇರಿಸಿದ್ದರಿಂದ ಹೆಚ್ಚಿನ ಲಾಭ ಏನೂ ಕಾಣಲಿಲ್ಲ. ಸದ್ದುಬೇಡ ಅವರು ಒರಟಾಗಿ ಹೇಳಿದ್ದೇ ಸರಿ ಅಂತಾಯ್ತಲ್ಲ?

ಸದ್ದುಬೇಡ

ಒರಟು ಅಂದ್ರೂ ಪರವಾಗಿಲ್ಲ, ಸರಿ ಅಂದ್ರಲ್ಲ ಸಾಕು :)

ಗ್ರಾಫ್‌ನೋಡುವವಳು

ಪುರಾವೆಪ್ರಿಯ ಅವರೇ, ಈ ಮೂರೂ ಅಧ್ಯಯನಗಳು ನಿಜ. 1997ರದ್ದನ್ನು ಓದಿಯೂ ‘ಕೈ ಬೆಚ್ಚಗಾಗುವುದೇ ಮದ್ದು’ ಎನ್ನುವ ತರಬೇತುದಾರರನ್ನು ನಾನೂ ಒಪ್ಪುವುದಿಲ್ಲ. ರಕ್ತನಾಳ ಹಿಗ್ಗಿದ್ದರಿಂದಲೇ ಮೈಗ್ರೇನ್ ಎಂಬ ಹಳೆಯ ನಂಬಿಕೆಯ ಕಾಲದಲ್ಲಿ ಹುಟ್ಟಿದ ವಿವರಣೆ ಅದು. ಮುಖ-ತಲೆಯ ನೋವನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರ, ಆ ನರದ ತುದಿಗಳಿಂದ ಹೊರಬರುವ ಸಿಜಿಆರ್‌ಪಿ ಎಂಬ ರಾಸಾಯನಿಕ ಇವುಗಳ ಬಗ್ಗೆ ಗೊತ್ತಾದ ಮೇಲೆ ಚಿತ್ರವೇ ಬೇರೆಯಾಗಿದೆ.

ಆದರೆ ಆ ಅಧ್ಯಯನಗಳಲ್ಲಿ ತಲೆನೋವು ಇಳಿಯಲೇ ಇಲ್ಲ ಅಂತ ಇಲ್ಲವಲ್ಲ. ಎಲ್ಲ ಗುಂಪಿನಲ್ಲೂ ಇಳಿಯಿತು. ಪ್ರಶ್ನೆ ಇರುವುದು ಯಾಕೆ ಇಳಿಯಿತು ಎನ್ನುವುದರಲ್ಲಿ.

ಇಳಿಯುತ್ತದೆ ಎನ್ನುವುದಕ್ಕೆ ಆಧಾರ ಕಡಿಮೆ ಏನಿಲ್ಲ. 2007ರಲ್ಲಿ ನೆಸ್ಟೋರಿಯುಕ್ ಮತ್ತು ಮಾರ್ಟಿನ್ 55 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೈಗ್ರೇನ್ ಮೇಲೆ ಮಧ್ಯಮ ಪ್ರಮಾಣದ ಪರಿಣಾಮ ಕಂಡಿತು, ಸರಾಸರಿ 17 ತಿಂಗಳ ನಂತರವೂ ಅದು ಉಳಿದಿತ್ತು. ಅದಕ್ಕೂ ಹಿಂದೆ, 1990ರಲ್ಲಿ, ನೀವು ಹೆಸರಿಸಿದ ಅದೇ ಹಾಲ್‌ರಾಯ್ಡ್ ಅವರು ಪೆನ್ಜಿಯನ್ ಜೊತೆ ಸೇರಿ ಪ್ರೊಪ್ರನೊಲಾಲ್ ಪ್ರಯೋಗಗಳನ್ನೂ ವಿಶ್ರಾಂತಿ-ಬಯೋಫೀಡ್‌ಬ್ಯಾಕ್ ಪ್ರಯೋಗಗಳನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿದರು. ಎರಡರಲ್ಲೂ ತಲೆನೋವು ಸುಮಾರು 43 ಶೇಕಡಾ ಇಳಿದಿತ್ತು. ಹೋಲಿಕೆಗೆಂದು ಕೊಡುವ, ಔಷಧಿ ಇಲ್ಲದ ಸಕ್ಕರೆ ಗುಳಿಗೆಯಲ್ಲಿ 14. ಪ್ರೊಪ್ರನೊಲಾಲ್ ನುಂಗಲಾಗದ ಎಡಗಣ್ಣು ಅವರಿಗೆ ಈ ಸಂಖ್ಯೆ ಬೇಕಾದದ್ದು. ಅಮೆರಿಕದ ತಲೆನೋವು ಒಕ್ಕೂಟದ 2000ದ ಮಾರ್ಗಸೂಚಿಯೂ ವಿಶ್ರಾಂತಿ ಜೊತೆಗಿನ ತಾಪಮಾನ ತರಬೇತಿಯನ್ನು ‘ಎ’ ದರ್ಜೆಯ, ಅಂದರೆ ಅತಿ ಗಟ್ಟಿ ಪುರಾವೆ ಇರುವ ಚಿಕಿತ್ಸೆಗಳಲ್ಲಿ ಸೇರಿಸಿತು.

ಪುರಾವೆಪ್ರಿಯ

ಗುಳಿಗೆಗೆ ಸಕ್ಕರೆ ಗುಳಿಗೆ ಇದೆ. ತರಬೇತಿಗೆ ‘ಸಕ್ಕರೆ ತರಬೇತಿ’ ಕೊಡೋದು ಕಷ್ಟ. ತಾನು ಕಲಿತೆನೋ ಇಲ್ಲವೋ ರೋಗಿಗೆ ಗೊತ್ತಾಗಿಬಿಡುತ್ತೆ. ಹಾಗಾಗಿ 43 ಮತ್ತು 43 ಅಂತ ಪಕ್ಕಪಕ್ಕ ಇಡೋದು ಪೂರ್ತಿ ನ್ಯಾಯ ಅಲ್ಲ. ಅದು ಬಿಡಿ. ನನ್ನ ಪ್ರಶ್ನೆಗೆ ನೇರ ಉತ್ತರ ಕೊಡಿ: ಹಾಗಾದರೆ ಯಂತ್ರದ ಕೆಲಸ ಏನು?

ಗ್ರಾಫ್‌ನೋಡುವವಳು

ನ್ಯಾಯ ಅಲ್ಲ ಅನ್ನುವುದನ್ನು ಒಪ್ಪಿದೆ.

ಯಂತ್ರದ ಕೆಲಸ ನಂಬಿಸುವುದು ಮತ್ತು ತೋರಿಸುವುದು. ವರ್ಷಗಟ್ಟಲೆ ಮೈಗ್ರೇನ್ ಅನುಭವಿಸಿದವರಿಗೆ ತಮ್ಮ ದೇಹ ತಮ್ಮ ಮಾತು ಕೇಳುವುದಿಲ್ಲ ಎನ್ನುವುದು ಮನಸ್ಸಿನಲ್ಲಿ ಊರಿಬಿಟ್ಟಿರುತ್ತದೆ. ಮುಂದಿನ ದಾಳಿ ಯಾವಾಗಲೋ ಎಂಬ ಭಯದಲ್ಲೇ ಇರುತ್ತಾರೆ. ಅಂಥವರು ಗೆರೆಯೊಂದು ತಮ್ಮಿಂದಲೇ ಏರುವುದನ್ನು ಕಣ್ಣಾರೆ ಕಂಡಾಗ ಆಗುವ ಬದಲಾವಣೆ ಇದೆಯಲ್ಲ, 1984ರ ಅಧ್ಯಯನ ಹೇಳುತ್ತಿರುವುದು ಅದನ್ನೇ ಎಂದು ನನ್ನ ಓದು. ನೀವು ಅದನ್ನು ಈ ಚಿಕಿತ್ಸೆಯ ವಿರುದ್ಧ ಓದುತ್ತೀರಿ. ನನಗೆ ಇದು ಯಾವ ದಾರಿಯಿಂದ ಕೆಲಸ ಮಾಡುತ್ತದೆ ಎಂಬ ಸುಳಿವಾಗಿ ಕಾಣುತ್ತದೆ.

ಇನ್ನೊಂದು: ಬಹಳ ಜನಕ್ಕೆ ತಾವು ಬಿಗಿದುಕೊಂಡಿದ್ದೇವೆ ಎನ್ನುವುದೇ ತಿಳಿಯುವುದಿಲ್ಲ. ‘ಆರಾಮಾಗಿದ್ದೀನಿ’ ಎನ್ನುತ್ತಾರೆ, ಭುಜದ ಸಂಕೇತ ಪರದೆಯ ಮೇಲ್ತುದಿಯಲ್ಲಿರುತ್ತದೆ. ಇಂಥವರನ್ನು ಕಣ್ಣು ಮುಚ್ಚಿಸಿ ಕೂರಿಸಿದರೆ ಬಿಗಿದುಕೊಂಡೇ ಕೂರುತ್ತಾರೆ. ಯಂತ್ರವಿಲ್ಲದೆ ಕಲಿಯುವವರೂ ಇದ್ದಾರೆ, ಅವರಿಗೆ ಬೇಡ. ಸದ್ದುಬೇಡ ಅವರು ಆ ಗುಂಪಿನವರು ಇರಬಹುದು.

ತಣ್ಣನೆಬೆರಳು

ನಾನು ಹೇಳಬೇಕು ಅಂತಿದ್ದದ್ದು ಇದೇ. ನನಗೆ ಧ್ಯಾನ ಮಾಡೋಕೆ ಮೂರು ಜನ ಹೇಳಿಕೊಟ್ಟಿದ್ದರು. ಸರಿಯಾಗಿ ಮಾಡ್ತಾ ಇದ್ದೀನಾ ಅನ್ನೋ ಚಿಂತೇಲೇ ಅರ್ಧ ಗಂಟೆ ಕಳೀತಿತ್ತು. ಗೆರೆ ಇದ್ದಾಗ ಆ ಚಿಂತೆ ಇಲ್ಲ. ಈಗ ಯಂತ್ರ ಇಲ್ಲದೇನೇ ಬರುತ್ತೆ. ಬೆರಳಲ್ಲಿ ಒಂಥರಾ ನಾಡಿ ಬಡಿದ ಹಾಗೆ, ಊದಿಕೊಂಡ ಹಾಗೆ ಅನ್ನಿಸಿದರೆ ಬೆಚ್ಚಗಾಗ್ತಿದೆ ಅಂತ ಗೊತ್ತಾಗುತ್ತೆ.

ವಾಚ್‌ಕಟ್ಟಿದವ

ನಾನು ಉಲ್ಟಾ ಅನುಭವದವನು. ಹೃದಯಬಡಿತ ನೋಡಿ ಉಸಿರಾಟ ಕಲಿಸೋ ಆ್ಯಪ್ ಹಾಕಿಕೊಂಡೆ. ತಲೆನೋವು ಜೋರಾದಾಗ ತೆಗೆದು ಕೂತೆ. ಪರದೆಯ ಬೆಳಕಿಗೇ ಕಣ್ಣು ಸಿಡಿದು ಹೋಯ್ತು, ಜೊತೆಗೆ ಅದು ಟಿಂಗ್ ಟಿಂಗ್ ಅಂತ ಬೇರೆ ಹೊಡ್ಕೊಳ್ಳುತ್ತೆ. ಮೈಗ್ರೇನ್ ಇರೋರಿಗೆ ಅಂತ ಮಾಡಿದ ಆ್ಯಪ್‌ಗೆ ಕಪ್ಪು ಪರದೆ, ಮೌನ ಇರಬೇಕು ಅನ್ನೋ ಕನಿಷ್ಠ ಜ್ಞಾನ ಬೇಡ್ವಾ?

ಗ್ರಾಫ್‌ನೋಡುವವಳು

ಜೋರಾದ ಮೇಲೆ ಪ್ರಯೋಜನ ಇಲ್ಲ. ಇದು ಮುಖ್ಯವಾಗಿ ದಾಳಿಗಳ ಸಂಖ್ಯೆ ಇಳಿಸುವ ಅಭ್ಯಾಸ, ನೋವಿಲ್ಲದ ದಿನಗಳಲ್ಲಿ ಮಾಡುವುದು. ಚೆನ್ನಾಗಿ ಕಲಿತ ಮೇಲೆ ಕೆಲವರು ಶುರುವಿನ ಸೂಚನೆ ಸಿಕ್ಕ ಕೂಡಲೇ ಬಳಸಿ ಲಾಭ ಪಡೆಯುತ್ತಾರೆ. ವಾಂತಿ ಶುರುವಾದ ಮೇಲೆ ಕತ್ತಲೆ ಕೋಣೆ, ವೈದ್ಯರು ಹೇಳಿದ ಮಾತ್ರೆ, ನಿದ್ದೆ. ಆ ಹೊತ್ತಿನಲ್ಲಿ ಉಸಿರಾಟದ ಪರೀಕ್ಷೆ ಬರೆಯಬೇಡಿ.

ಪುಟ್ಟಿಯಮ್ಮ

ನನ್ನ ಮಗಳಿಗೆ ಹನ್ನೊಂದು ವರ್ಷ, ಮೈಗ್ರೇನ್ ಅಂತ ಮಕ್ಕಳ ನರರೋಗ ತಜ್ಞರೇ ಹೇಳಿದ್ದಾರೆ. ದಿನಾ ಮಾತ್ರೆ ಅಂದರೆ ನನಗೆ ಮನಸ್ಸು ಬರಲ್ಲ. ಅಷ್ಟು ಚಿಕ್ಕವರಿಗೆ ಇದು ಕಲಿಸ್ತಾರಾ ಮೇಡಂ?

ಗ್ರಾಫ್‌ನೋಡುವವಳು

ಕಲಿಸುತ್ತೇವೆ ಪುಟ್ಟಿಯಮ್ಮ ಅವರೇ, ಮತ್ತು ಮಕ್ಕಳು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ. ಗೆರೆಯ ಬದಲು ಆಟ ಕೊಟ್ಟರೆ ಮುಗೀತು. ಬೆರಳು ಬೆಚ್ಚಗಾದ ಹಾಗೆ ಬಲೂನು ಏರುತ್ತೆ ಅಂದರೆ ಏರಿಸಿಯೇ ಬಿಡುತ್ತಾರೆ. ‘ಆಗುತ್ತಾ’ ಎಂಬ ಸಂಶಯ ಅವರಿಗೆ ಇರುವುದಿಲ್ಲ. ಒಂದೇ ಮಾತು: ಅಭ್ಯಾಸವನ್ನು ಹೋಂವರ್ಕ್ ಮಾಡಬೇಡಿ. ‘ಇವತ್ತು ಮಾಡಿದೆಯಾ?’ ಅಂತ ಬಾಗಿಲಲ್ಲಿ ನಿಂತು ಕೇಳುವ ತಾಯಿ ಇದ್ದರೆ ಬೆರಳು ತಣ್ಣಗೇ ಇರುತ್ತದೆ. ಮಾತ್ರೆಯ ವಿಷಯ ಮಾತ್ರ ಮಗುವಿನ ವೈದ್ಯರ ಜೊತೆಗೇ ತೀರ್ಮಾನಿಸಿ.

ಪುಟ್ಟಿಯಮ್ಮ

ಬಾಗಿಲಲ್ಲಿ ನಿಲ್ಲೋ ತಾಯಿ ನಾನೇ. ಹೆಂಗೆ ಗೊತ್ತಾಯ್ತು ನಿಮಗೆ!

ನೈಟ್‌ಶಿಫ್ಟ್

ಆಸ್ಪತ್ರೆಯಲ್ಲಿ ನರ್ಸ್ ನಾನು. ಇಷ್ಟು ಹೊತ್ತು ಯಾರೂ ಎತ್ತದ ವಿಷಯ: ನೋವಿನ ಮಾತ್ರೆ ತಿಂಗಳಿಗೆ ಎಷ್ಟು ದಿನ ನುಂಗ್ತೀರಿ? ಸಾದಾ ನೋವಿನ ಮಾತ್ರೆ ತಿಂಗಳಿಗೆ 15 ದಿನ ಅಥವಾ ಹೆಚ್ಚು, ಟ್ರಿಪ್ಟಾನ್ (ಮೈಗ್ರೇನ್ ಬಂದಾಗ ನುಂಗೋಕೆ ಅಂತಲೇ ಇರೋ ಮಾತ್ರೆ) ಅಥವಾ ಎರಡು ಮೂರು ಔಷಧಿ ಸೇರಿಸಿದ ಮಾತ್ರೆ 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ಮೀರಿದರೆ ಮಾತ್ರೆಯೇ ತಲೆನೋವು ತರೋಕೆ ಶುರು ಮಾಡುತ್ತೆ. ಅಂಥವರು ಮೊದಲು ಅದನ್ನ ವೈದ್ಯರ ಕೈಯಲ್ಲಿ ಸರಿ ಮಾಡಿಸಿಕೊಳ್ಳಬೇಕು. ಬಯೋಫೀಡ್‌ಬ್ಯಾಕ್ ಅಲ್ಲೂ ಜೊತೆಗೆ ಕೆಲಸಕ್ಕೆ ಬರುತ್ತೆ. ಇಟಲಿಯ ಗ್ರಾಝಿ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತ್ರೆ ಬಿಡಿಸಿದ ಮೇಲೆ ಔಷಧಿಯ ಜೊತೆ ಬಯೋಫೀಡ್‌ಬ್ಯಾಕ್ ಕಲಿತವರು ಮೂರು ವರ್ಷದ ನಂತರ ಬರೀ ಔಷಧಿಯವರಿಗಿಂತ ಚೆನ್ನಾಗಿದ್ದರು.

ಮತ್ತೆ, ಹಠಾತ್ತನೆ ಸಿಡಿಲು ಬಡಿದ ಹಾಗೆ ಬರೋ ನೋವು, ಜ್ವರದ ಜೊತೆ ಕತ್ತು ಬಿಗಿಯೋದು, ಒಂದು ಕಡೆ ಕೈಕಾಲು ಬಲ ಹೋಗೋದು, ಮಾತು ತೊದಲೋದು, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವು, ತಲೆಗೆ ಏಟು ಬಿದ್ದ ಮೇಲಿನದು: ಇವಕ್ಕೆ ಸೆನ್ಸರ್ ಅಲ್ಲ, ತಕ್ಷಣ ಡಾಕ್ಟರ್. ರಾತ್ರಿ ಎರಡು ಗಂಟೆಗೆ ‘ಬೆಳಿಗ್ಗೆ ನೋಡೋಣ’ ಅಂತ ಕಾದು ಬರೋರನ್ನ ನೋಡಿ ನೋಡಿ ಸಾಕಾಗಿದೆ.

ಹಳೆಗಾಯ

ನನ್ನದೂ ಒಂದು ಮಾತು. ನಾನು ಹೋದ ಜಾಗದಲ್ಲಿ ಮೊದಲ ದಿನವೇ ದೊಡ್ಡ ಪ್ಯಾಕೇಜ್ ಕಟ್ಟಿಸಿಕೊಂಡರು. ಮೈಗ್ರೇನ್ ಬುಡಸಮೇತ ಹೋಗುತ್ತೆ ಅಂದರು, ಮಾತ್ರೆ ಎಲ್ಲಾ ನಿಲ್ಲಿಸಿ ಅಂದರು. ಮನೆಯಲ್ಲಿ ಏನು ಮಾಡಬೇಕು ಅಂತ ಒಂದು ಸಲವೂ ಹೇಳಿಕೊಡಲಿಲ್ಲ. ಸೆನ್ಸರ್ ಅಂಟಿಸಿ, ಪರದೆ ಹಾಕಿ, ಹೊರಗೆ ಹೋಗಿಬಿಡೋರು. ಈ ಚಿಕಿತ್ಸೆ ಬಗ್ಗೆ ನನಗೆ ಸಿಟ್ಟಿಲ್ಲ, ಮಾರಿದ ರೀತಿ ಬಗ್ಗೆ ಇದೆ.

ಗ್ರಾಫ್‌ನೋಡುವವಳು

ಸಿಟ್ಟು ನ್ಯಾಯವಾದದ್ದೇ. ‘ಬುಡಸಮೇತ’ ಎಂದವರ ಹತ್ತಿರ ನಿಲ್ಲಬೇಡಿ. ಔಷಧಿ ನಿಲ್ಲಿಸಿ ಎನ್ನುವ ಅಧಿಕಾರ ತರಬೇತುದಾರರಿಗೆ ಇಲ್ಲ. ಎರಡೂ ಸೇರಿದರೆ ಹೆಚ್ಚು ಲಾಭ ಇರಬಹುದು ಎನ್ನುವುದಕ್ಕೆ ಆಧಾರ ಇದೆ: 2010ರಲ್ಲಿ ಹಾಲ್‌ರಾಯ್ಡ್ ತಂಡದ ಪ್ರಯೋಗದಲ್ಲಿ ಬೀಟಾ ಬ್ಲಾಕರ್ (ಪ್ರೊಪ್ರನೊಲಾಲ್ ಜಾತಿಯ ಔಷಧಿ) ಒಂದೇ ಕೊಟ್ಟಾಗ ಅಥವಾ ವಿಶ್ರಾಂತಿ ಕಲಿಸುವಂಥ ನಡವಳಿಕೆಯ ತರಬೇತಿ ಒಂದೇ ಕೊಟ್ಟಾಗ ಸಿಗದ ಇಳಿಕೆ ಎರಡನ್ನೂ ಸೇರಿಸಿದಾಗ ಸಿಕ್ಕಿತು.

ಹೊಸದಾಗಿ ಹೋಗುವವರು ತರಬೇತುದಾರರನ್ನು ಕೇಳಿ: ಮನೆ ಅಭ್ಯಾಸ ಏನು ಕೊಡುತ್ತೀರಿ? ಯಂತ್ರ ಇಲ್ಲದೆ ಮಾಡುವುದನ್ನು ಯಾವಾಗ ಶುರು ಮಾಡಿಸುತ್ತೀರಿ? ಎಷ್ಟು ಸಲ ಕೂತ ಮೇಲೂ ಫಲ ಇಲ್ಲ ಎಂದರೆ ನಿಲ್ಲಿಸುತ್ತೀರಿ? ಮೂರನೆಯದಕ್ಕೆ ತಡವರಿಸಿದರೆ ಎದ್ದು ಬನ್ನಿ.

ಪುರಾವೆಪ್ರಿಯ

ಆ ಮೂರನೇ ಪ್ರಶ್ನೆಗೆ ನನ್ನ ಮತ. ಔಷಧಿ ಕೊಡುವವರಿಗೂ ಕೇಳಬಹುದು.

ಎಡಗಣ್ಣು

ಇಷ್ಟು ಜನ ಬರೀತೀರಿ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಮಾತ್ರೆ ಲೆಕ್ಕ ಹಾಕಿದೆ ನೈಟ್‌ಶಿಫ್ಟ್ ಅವರೇ, ಮಿತಿ ದಾಟಿಲ್ಲ, ಆದರೆ ದೂರವೂ ಇಲ್ಲ.

ಪುರಾವೆಪ್ರಿಯ ಅವರು ಹೇಳಿದ್ದು ಓದಿ ಬಿಟ್ಟುಬಿಡೋಣ ಅನ್ನಿಸಿತು. ಆಮೇಲೆ ಯೋಚಿಸಿದೆ: ಯಾಕೆ ಇಳಿಯುತ್ತೆ ಅನ್ನೋದು ಅವರ ಜಗಳ, ಇಳಿದರೆ ಸಾಕು ಅನ್ನೋದು ನನ್ನದು. ತರಬೇತಿಗೆ ಸರದಿ ಬರೋಕೆ ಇನ್ನೂ ಕೆಲವು ವಾರ ಇದೆ. ಅಲ್ಲಿವರೆಗೆ ಮನೇಲೇ ಏನಾದರೂ ಶುರು ಮಾಡಬಹುದಾ?

ಗ್ರಾಫ್‌ನೋಡುವವಳು

ಮೊದಲು ತಲೆನೋವಿನ ದಿನಚರಿ. ಯಾವ ದಿನ, ಎಷ್ಟು ಹೊತ್ತು, ಎಷ್ಟು ಜೋರು, ಯಾವ ಮಾತ್ರೆ. ಇಷ್ಟೇ, ಒಂದು ಸಾಲು. ಒಂದು ತಿಂಗಳ ಲೆಕ್ಕ ಕೈಯಲ್ಲಿ ಇಲ್ಲದಿದ್ದರೆ ಆಮೇಲೆ ಕಡಿಮೆಯಾಯಿತೋ ಇಲ್ಲವೋ ಎನ್ನುವುದು ಬರೀ ಅನ್ನಿಸಿಕೆ ಆಗುತ್ತದೆ. ನೋವಿನ ದಿನಗಳು ಅರ್ಧಕ್ಕೆ ಇಳಿದರೆ ಒಳ್ಳೆಯ ಫಲ ಅಂತ ಎಣಿಸುತ್ತೇವೆ.

ಆಮೇಲೆ, ಬೆರಳಿಗೆ ಅಂಟಿಸಬಹುದಾದ ತಂತಿ ಇರುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಸಿಕ್ಕರೆ ಸಾಕು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ. ಕೋಣೆ ತೀರಾ ತಣ್ಣಗಿರಬಾರದು. ಹೊರಗಿನಿಂದ ಬಂದ ಕೂಡಲೇ ಅಳೆಯಬೇಡಿ, ಹತ್ತು ನಿಮಿಷ ಸುಮ್ಮನೆ ಕೂತು ಶುರುಮಾಡಿ. ಕೂರುವ ಮುಂಚಿನ ಅಂಕಿ, ಎದ್ದಾಗಿನ ಅಂಕಿ ಬರೆದುಕೊಳ್ಳಿ. ಮೊದಲ ವಾರ ಏರಿಸಲು ಹೋಗಲೇಬೇಡಿ, ಯಾವಾಗ ಏರುತ್ತೆ ಯಾವಾಗ ಇಳಿಯುತ್ತೆ ಅಂತ ನೋಡಿ, ಅಷ್ಟೆ. ಶುರುವಿನಲ್ಲೇ 34, 35 ತೋರಿಸಿದರೆ ನಿಮ್ಮ ಕೈ ಸ್ವಭಾವತಃ ಬೆಚ್ಚಗಿದೆ ಅಂತ ಅರ್ಥ, ಏರಲು ಜಾಗವಿಲ್ಲ. ಆಗ ನಿಮಗೆ ಹಣೆ-ಭುಜದ ತರಬೇತಿಯೇ ಸರಿ ಹೋಗಬಹುದು, ಮೊದಲ ದಿನವೇ ಹೇಳಿಬಿಡಿ.

ಎಡಗಣ್ಣು

ಸರಿ ಮೇಡಂ. ಯಾವ ಬೆರಳು?

ಗ್ರಾಫ್‌ನೋಡುವವಳು

ಯಾವುದಾದರೂ ಆಗಬಹುದು, ದಿನಾ ಅದೇ ಇರಲಿ. ಬೆರಳ ತುದಿಯ ಮೆತ್ತನೆ ಭಾಗಕ್ಕೆ ತಾಗಬೇಕು. ಟೇಪನ್ನು ಬೆರಳ ಸುತ್ತ ಬಿಗಿಯಾಗಿ ಸುತ್ತಬೇಡಿ, ರಕ್ತ ಓಡದೆ ಅಂಕಿ ಸುಳ್ಳು ಬರುತ್ತದೆ.

ತಣ್ಣನೆಬೆರಳು

ಮೊದಲ ವಾರ ಅಂಕಿ ನೋಡಿ ಬೇಜಾರು ಮಾಡ್ಕೋಬೇಡಿ ಎಡಗಣ್ಣು ಅವರೇ. ಬೇಜಾರು ಮಾಡ್ಕೊಂಡರೆ ಅದೂ ಅಂಕಿಯಲ್ಲಿ ಬರುತ್ತೆ.